ಲೆವೆಲ್ ಏರಿದ ಫೈಟರ್ ಮಂತ್ರದ ಮುಂದೆ ಮಾತ್ರ ಏಕೆ ಸೋಲುತ್ತಾನೆ?

ಪ್ರಶ್ನೆ: ನಾನು ಮುಂಬೈ ಬಳಿಯ ಡೊಂಬಿವಲಿಯವಳು, ಬ್ಯಾಂಕ್ ಉದ್ಯೋಗಿ. ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ದಾಳ ಹಾಕುತ್ತಾ ಕಥೆ ಮುಂದುವರಿಸುವ ಆಟ. ಆಟ ನಡೆಸುವ ಡಿಎಮ್ ನಾನೇ. ಐದನೇ ಆವೃತ್ತಿಯ 2014ರ ನಿಯಮಗಳು. ಆಟಗಾರರು ನಾಲ್ವರು: ಫೈಟರ್ (ಯೋಧ), ಕ್ಲೆರಿಕ್ (ಪುರೋಹಿತ), ರೋಗ್ (ಕಳ್ಳ), ವಿಜರ್ಡ್ (ಮಾಂತ್ರಿಕ). ಎಲ್ಲರದೂ 9ನೇ ಲೆವೆಲ್. ಫೈಟರ್ ಆಡುವವನು ನನ್ನ ಮೈದುನ, ವಾಶಿಯಿಂದ ಬರುತ್ತಾನೆ. ಅವನ ಪಾತ್ರದ ವಿಸ್ಡಮ್ (ವಿವೇಕದ ಗುಣ) 8. ನನ್ನ ಕಥೆಯ ಖಳನಾಯಕಿ ಒಬ್ಬ ಮಾಂತ್ರಿಕೆ, ಅವಳ ಡಿಸಿ, ಅಂದರೆ ಅವಳ ಮಂತ್ರದಿಂದ ಪಾರಾಗಲು ಇಪ್ಪತ್ತು ಮುಖದ ದಾಳ ಮತ್ತು ಬೋನಸ್ ಸೇರಿ ಮುಟ್ಟಬೇಕಾದ ಸಂಖ್ಯೆ, 15. ಸತತ ಮೂರು ಭಾನುವಾರ ಅವಳು ಮೈಯನ್ನು ಸ್ತಬ್ಧಗೊಳಿಸುವ ಹೋಲ್ಡ್ ಪರ್ಸನ್ ಮಂತ್ರ ಹಾಕಿದಳು, ಮೂರೂ ಸಲ ಸೇವಿಂಗ್ ಥ್ರೋ (ಪಾರಾಗಲು ಹಾಕುವ ದಾಳ, ಚಿಕ್ಕದಾಗಿ ಸೇವ್) ಸೋತು ಮೈದುನ ಸಿಕ್ಕಿಬಿದ್ದ. ಕಳೆದ ವಾರ ಮೂರು ಸುತ್ತು ಕೈಕಟ್ಟಿ ಕುಳಿತ. "ಅತ್ತಿಗೆ, ಲೆವೆಲ್ ಏರಿದಷ್ಟೂ ನಾನು ಬಲಹೀನನಾಗುತ್ತಿದ್ದೇನೆ, ಈ ಸೇವಿಂಗ್ ಥ್ರೋ ಎನ್ನುವುದೇ ಮೋಸ" ಎಂದು ಹೇಳಿ, ಮುಂದಿನ ವಾರ ಬರುವುದು ಅನುಮಾನ ಎಂದ. ಅದಕ್ಕೂ ಮೊದಲು ಇನ್ನೊಂದು ವಾದವಾಗಿತ್ತು. ಮುದಿ ಕೆಂಪು ಡ್ರ್ಯಾಗನ್ ಎದುರಿನಿಂದ ಓಡಿ ಪಾರಾಗುವ ದೃಶ್ಯ, ಬೆಂಕಿಯ ಉಸಿರಿನ ಡಿಸಿ 24, ಅವನ ಡೆಕ್ಸ್ಟೆರಿಟಿ (ಚುರುಕುತನ) ಸೇವ್‌ಗೆ ಬೋನಸ್ +1. ದಾಳದಲ್ಲಿ 20 ಬಿತ್ತು. 20 ಬಿದ್ದರೆ ಎಂದಿಗೂ ಪಾಸ್ ಎಂದು ಅವನು ಪಟ್ಟುಹಿಡಿದ, ನಾನು ಒಪ್ಪಿಬಿಟ್ಟೆ. ಅದು ಸರಿಯೇ? ಅವನ ದಾಳವೇ ಕೆಟ್ಟಿರಬಹುದೇ? ಸೇವ್‌ಗಳನ್ನೇ ತೆಗೆದುಹಾಕಲೇ, ಪರದೆಯ ಹಿಂದೆ ಗುಟ್ಟಾಗಿ ಡಿಸಿ ಇಳಿಸಲೇ, ಅಥವಾ ಎಲ್ಲರೂ 2024ರ ನಿಯಮಗಳಿಗೆ ಹೋಗಬೇಕೇ?

ಉತ್ತರ: ನಿಮ್ಮ ಮೈದುನರ ದೂರಿನಲ್ಲಿ ಬಹುಪಾಲು ಸತ್ಯವಿದೆ, ಮೊದಲು ಅದನ್ನು ಅವರಿಗೆ ತಿಳಿಸಿಬಿಡಿ. ಅವರ ಫೈಟರ್ ಕತ್ತಿ ಹಿಡಿದಾಗ ಲೆವೆಲ್‌ನಿಂದ ಲೆವೆಲ್‌ಗೆ ಬಲಿಯುತ್ತಿದ್ದಾನೆ. ಮನಸ್ಸನ್ನು ಕಟ್ಟಿಹಾಕುವ ಮಂತ್ರದ ಮುಂದೆ ಮಾತ್ರ ಆಟದ ಆರಂಭದಲ್ಲಿ ಇದ್ದುದಕ್ಕಿಂತ ದುರ್ಬಲನಾಗಿದ್ದಾನೆ. ಅದು ಅವರ ಭ್ರಮೆಯಲ್ಲ, ಲೆಕ್ಕ ಹಾಕಿ ತೋರಿಸಬಹುದಾದ ಸಂಗತಿ. ಆದರೆ ಸೇವಿಂಗ್ ಥ್ರೋ ಮೋಸ ಎಂಬ ಮಾತನ್ನು ನಾನು ಒಪ್ಪಲಾರೆ. ಮಾಟುಂಗಾದಲ್ಲಿ ಹದಿಹರೆಯದ ಮಕ್ಕಳಿಗೂ ನೌಕರಿ ಮಾಡುವವರಿಗೂ ಈ ಆಟ ನಡೆಸುವುದೇ ನನ್ನ ವೃತ್ತಿ. ಸೇವ್‌ನಿಂದ ಹುಟ್ಟುವ ಜಗಳ ನನಗೆ ಹೊಸದಲ್ಲ. ಆ ಜಗಳಗಳಲ್ಲಿ ಸಾಮಾನ್ಯವಾಗಿ ದಾಳ ಉರುಳುವ ಹೊತ್ತಿಗೆ ಅನ್ಯಾಯ ಆಗಿಹೋಗಿರುತ್ತದೆ. ಯಾವ ಸೇವ್ ಕೇಳಬೇಕು, ಸೋತರೆ ಎಷ್ಟು ಕಳೆದುಕೊಳ್ಳಬೇಕು, ಸೋಲುವ ಮೊದಲು ಆಟಗಾರನಿಗೆ ಏನು ಮಾಡಲು ಅವಕಾಶವಿತ್ತು, ಇವೆಲ್ಲ ದಾಳ ಕೈಗೆ ಬರುವ ಮೊದಲೇ ತೀರ್ಮಾನವಾಗುತ್ತವೆ. ತೀರ್ಮಾನಿಸುವವರು ಡಿಎಮ್. ನಿಮ್ಮ ಸಮಸ್ಯೆಯ ಬೇರು ಅಲ್ಲಿದೆ, ಹಾಗಾಗಿ ಪರಿಹಾರವೂ ನಿಮ್ಮ ಕೈಯಲ್ಲೇ ಇದೆ.

ಕತ್ತಿ ಬೀಸಿದಾಗ ಬೀಸಿದವರು ದಾಳ ಹಾಕುತ್ತಾರೆ, ಎದುರಾಳಿಯ ಕವಚ ಸುಮ್ಮನೆ ಒಂದು ಸಂಖ್ಯೆಯಾಗಿ ನಿಂತಿರುತ್ತದೆ. ಬೆಂಕಿ, ವಿಷ, ಮಂತ್ರ ಬಂದಾಗ ಇದು ತಿರುಗುತ್ತದೆ. ಹಾಕಿದವರದು ಸ್ಥಿರವಾದ ಡಿಸಿ, ದಾಳ ಉರುಳಿಸುವವರು ಪೆಟ್ಟು ತಿನ್ನಬೇಕಾದವರು. ಯಾರ ಜೀವ ಪಣಕ್ಕಿದೆಯೋ ಅವರ ಕೈಗೇ ದಾಳ ಕೊಡುವ ಈ ಏರ್ಪಾಟು ನನಗೆ ಬಹಳ ಪ್ರಿಯವಾದದ್ದು. "ನಿನ್ನ ಪಾತ್ರ ಸತ್ತಿತು" ಎಂದು ಡಿಎಮ್ ಘೋಷಿಸುವುದಕ್ಕೂ, ಆಟಗಾರ ತಾನೇ ದಾಳ ಹಾಕಿ, ಬಿದ್ದದ್ದನ್ನು ಕಣ್ಣಾರೆ ನೋಡುವುದಕ್ಕೂ ಬಹಳ ಅಂತರವಿದೆ. ಸೇವ್‌ಗಳನ್ನೇ ತೆಗೆದುಹಾಕಿದರೆ ನೀವು ಕಳೆದುಕೊಳ್ಳುವುದು ಇದನ್ನು.

ಈ ಪದ್ಧತಿ ಬಂದದ್ದು ಪುಟ್ಟ ಬೊಂಬೆ ಸೈನ್ಯಗಳನ್ನು ಮೇಜಿನ ಮೇಲೆ ಇಟ್ಟು ಆಡುತ್ತಿದ್ದ ಯುದ್ಧದಾಟಗಳಿಂದ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದಾಗ ಸೇವ್‌ಗೆ ಐದು ಕಾಲಂ ಇದ್ದವು: ವಿಷ ಅಥವಾ ಸಾವಿನ ಕಿರಣ, ಮಂತ್ರದ ಕಡ್ಡಿ, ಕಲ್ಲಾಗುವುದು, ಡ್ರ್ಯಾಗನ್‌ನ ಉಸಿರು, ಮಂತ್ರ ಮತ್ತು ಮಂತ್ರದಂಡ. ಬಂಡೆಗೆ ಸರಪಳಿಯಿಂದ ಕಟ್ಟಿಹಾಕಿದ ಮನುಷ್ಯನಿಗೆ ಡ್ರ್ಯಾಗನ್ ಬೆಂಕಿಯಿಂದ ಪಾರಾಗುವ ಅವಕಾಶ ಹೇಗೆ ಸಾಧ್ಯ ಎಂಬ ಪ್ರಶ್ನೆ ಆಗಲೂ ಇತ್ತು. 1979ರ ಡಿಎಮ್ ಕೈಪಿಡಿಯಲ್ಲಿ ಗೈಗ್ಯಾಕ್ಸ್ ಅದಕ್ಕೆ ಉತ್ತರ ಕೊಟ್ಟಿದ್ದಾರೆ. ಆ ಮನುಷ್ಯ ಕೊನೆಯ ಗಳಿಗೆಯಲ್ಲಿ ಬಂಡೆಯ ಬಿರುಕೊಂದರಲ್ಲಿ ಮೈ ಅಡಗಿಸಿರಬಹುದು, ಜ್ವಾಲೆಯ ಕೆಳಗೆ ಬಗ್ಗಿರಬಹುದು, ಹೇಗೋ ಸರಪಳಿ ಕಳಚಿಕೊಂಡಿರಬಹುದು. ಅಂದರೆ ದಾಳ ಮೊದಲು, ಕಥೆ ಆಮೇಲೆ. ಸೇವ್ ಎಂದರೆ ಪಕ್ಕಕ್ಕೆ ಹಾರುವುದು ಎಂದೇ ಬಹಳ ಜನ ತಿಳಿದಿದ್ದಾರೆ, ಹಾಗೇನೂ ಇಲ್ಲ. ಹೇಗೆ ಪಾರಾದ ಎಂದು ಹೇಳುವ ಸಂತೋಷವನ್ನು ಆಟಗಾರನಿಗೇ ಬಿಟ್ಟುಕೊಡಿ. ಈ ಬಂಡೆಯ ಬಿರುಕನ್ನು ನೆನಪಿಡಿ, ನಿಮ್ಮ ಡ್ರ್ಯಾಗನ್ ಪ್ರಸಂಗಕ್ಕೆ ಬೇಕಾಗುತ್ತದೆ.

ಈಗ ಮೈದುನರ ಮುಖ್ಯ ದೂರು. ಆ ಹಳೆಯ ಪಟ್ಟಿಗಳಲ್ಲಿ ಪಾರಾಗಲು ಬೇಕಾದ ಸಂಖ್ಯೆ ಅವಲಂಬಿಸಿದ್ದದ್ದು ನಿಮ್ಮ ಪಾತ್ರದ ವರ್ಗ ಮತ್ತು ಲೆವೆಲ್ ಮೇಲೆ ಮಾತ್ರ. ಮಂತ್ರ ಹಾಕಿದವನು ಎಷ್ಟು ದೊಡ್ಡವನು ಎಂಬುದಕ್ಕೆ ಅಲ್ಲಿ ಜಾಗವಿರಲಿಲ್ಲ. 1979ರ ಪಟ್ಟಿಯಲ್ಲಿ ಮಂತ್ರದಿಂದ ಪಾರಾಗಲು 1ನೇ ಲೆವೆಲ್‌ನ ಫೈಟರ್‌ಗೆ 17 ಬೀಳಬೇಕು, ಅಂದರೆ ಶೇಕಡಾ 20ರ ಅವಕಾಶ. 17ನೇ ಲೆವೆಲ್ ಮುಟ್ಟಿದವನಿಗೆ 6 ಸಾಕು, ಶೇಕಡಾ 75. ಅನುಭವಿ ಯೋಧನನ್ನು ಮಂತ್ರದಿಂದ ಅಲುಗಾಡಿಸುವುದು ಕಷ್ಟ ಎಂಬುದು ಆ ಆಟದ ನಂಬಿಕೆ. 2000ನೇ ಇಸವಿಯ ಮೂರನೇ ಆವೃತ್ತಿ ಐದು ಕಾಲಂಗಳನ್ನು ಫಾರ್ಟಿಟ್ಯೂಡ್ (ದೇಹದ ತಾಳಿಕೆ), ರಿಫ್ಲೆಕ್ಸ್ (ಚುರುಕು), ವಿಲ್ (ಮನೋಬಲ) ಎಂದು ಮೂರಕ್ಕೆ ಇಳಿಸಿ, ಕಷ್ಟದ ಮಟ್ಟವನ್ನು ಮಂತ್ರ ಹಾಕುವವರ ಕಡೆಗೆ ಸರಿಸಿತು. 2014ರ ಐದನೇ ಆವೃತ್ತಿ ಪಾತ್ರದ ಆರು ಗುಣಗಳಿಗೂ ಒಂದೊಂದು ಸೇವ್ ಕೊಟ್ಟು, ಪ್ರತಿ ವರ್ಗಕ್ಕೆ ಎರಡರಲ್ಲಿ ಮಾತ್ರ ಪ್ರೊಫಿಷಿಯನ್ಸಿ (ಪರಿಣತಿ) ಇಟ್ಟಿತು. ಆರು ಬಾಗಿಲಿನ ಮನೆಯಲ್ಲಿ ಎರಡಕ್ಕೆ ಮಾತ್ರ ಬೀಗ ಹಾಕಿದ ಹಾಗೆ. ಫೈಟರ್‌ಗೆ ಆ ಎರಡು ಸ್ಟ್ರೆಂಗ್ತ್ (ತೋಳ್ಬಲ) ಮತ್ತು ಕಾನ್‌ಸ್ಟಿಟ್ಯೂಷನ್ (ದೇಹದ ತಾಳಿಕೆ). ಪ್ರೊಫಿಷಿಯನ್ಸಿ ಬೋನಸ್ 1ನೇ ಲೆವೆಲ್‌ನ +2ರಿಂದ 17ನೇ ಲೆವೆಲ್‌ಗೆ +6ರವರೆಗೆ ಬೆಳೆಯುತ್ತದೆ, ಆದರೆ ಅದು ಆ ಎರಡಕ್ಕೆ ಮಾತ್ರ ಸೇರುತ್ತದೆ. ಅತ್ತ ಮಂತ್ರದ ಡಿಸಿ ಎಂದರೆ 8, ಅದಕ್ಕೆ ಪ್ರೊಫಿಷಿಯನ್ಸಿ ಬೋನಸ್, ಅದಕ್ಕೆ ಮಂತ್ರ ಹಾಕುವವರ ಗುಣದ ಮಾಡಿಫೈಯರ್ (ಆ ಗುಣದಿಂದ ಕೂಡುವ ಅಥವಾ ಕಳೆಯುವ ಸಂಖ್ಯೆ). ಅದು ಬೆಳೆಯುತ್ತಲೇ ಹೋಗುತ್ತದೆ.

ಲೆಕ್ಕ ಹಾಕಿ ನೋಡೋಣ. ಪಾರಾಗುವ ಸಾಧ್ಯತೆ ತಿಳಿಯಲು 21ರಿಂದ ಡಿಸಿ ಕಳೆದು, ನಿಮ್ಮ ಸೇವ್ ಬೋನಸ್ ಕೂಡಿಸಿ, 20ರಿಂದ ಭಾಗಿಸಿದರೆ ಸಾಕು. ವಿಸ್ಡಮ್ 8 ಎಂದರೆ ಬೋನಸ್ −1. ಆಟದ ಆರಂಭದಲ್ಲಿ ಎದುರಾಗುವ ಸಾಧಾರಣ ಮಾಂತ್ರಿಕನ ಡಿಸಿ 13 ಎಂದುಕೊಂಡರೆ ಮೈದುನರ ಫೈಟರ್‌ಗೆ ಶೇಕಡಾ 35. ಈಗ ನಿಮ್ಮ ಖಳನಾಯಕಿಯ 15ರ ಎದುರು ಶೇಕಡಾ 25. ಆಟ ಹೀಗೇ ಮುಂದುವರಿದು 17ನೇ ಲೆವೆಲ್‌ನಲ್ಲಿ ಡಿಸಿ 19ರ ಮಾಂತ್ರಿಕ ಎದುರಾದರೆ ಶೇಕಡಾ 5. ಹಳೆಯ ಪಟ್ಟಿ ಮೇಲಕ್ಕೆ ಹತ್ತುತ್ತಿತ್ತು, ಇದು ಕೆಳಕ್ಕೆ ಇಳಿಯುತ್ತದೆ. "ಲೆವೆಲ್ ಏರಿದಷ್ಟೂ ಬಲಹೀನನಾಗುತ್ತಿದ್ದೇನೆ" ಎಂಬ ಮಾತಿನ ಹಿಂದಿರುವುದು ಇದೇ.

ಇದರ ಇನ್ನೊಂದು ಮುಖವನ್ನೂ ಅವರಿಗೆ ತೋರಿಸಬೇಕು. ಹಳೆಯ ಆಟದಲ್ಲಿ ವಿಷದ ಸೇವ್ ಸೋತರೆ ಬಹುತೇಕ ಸಾವೇ, ಕಲ್ಲಾದವನು ಕಲ್ಲಾಗಿಯೇ ಉಳಿಯುತ್ತಿದ್ದ. ಒಂದೇ ದಾಳದ ಮೇಲೆ ಇಡೀ ಪಾತ್ರ ನಿಂತಿದ್ದಾಗ ಪಾರಾಗುವ ಅವಕಾಶ ಹೆಚ್ಚಿರುವುದು ನ್ಯಾಯ. ಈಗಿನ ಆವೃತ್ತಿ ಸೋಲುವುದನ್ನು ಸುಲಭ ಮಾಡಿದೆ, ಸೋಲಿನ ಬೆಲೆಯನ್ನು ಇಳಿಸಿದೆ. ಹೋಲ್ಡ್ ಪರ್ಸನ್‌ಗೆ ಸಿಕ್ಕವರು ತಮ್ಮ ಪ್ರತಿ ಸರದಿಯ ಕೊನೆಯಲ್ಲಿ ಮತ್ತೆ ಸೇವ್ ಹಾಕುತ್ತಾರೆ. ಹಾಗಿದ್ದರೂ ಶೇಕಡಾ 25ರವನಿಗೆ ಈ ಸೌಕರ್ಯ ಎಷ್ಟು ಸಿಗುತ್ತದೆ? ಒಂದು ಸರದಿಯಾದರೂ ಕಳೆದುಕೊಳ್ಳುವ ಸಾಧ್ಯತೆ ಶೇಕಡಾ 75, ಎರಡು ಕಳೆದುಕೊಳ್ಳುವುದು 56, ಮೂರು ಕಳೆದುಕೊಳ್ಳುವುದು 42. ನಿಮ್ಮ ಕ್ಲೆರಿಕ್‌ನ ವಿಸ್ಡಮ್ 18 ಎಂದಿಟ್ಟುಕೊಳ್ಳಿ, ಸೇವ್ +8. ಅದೇ ಮಂತ್ರ, ಅದೇ ಡಿಸಿ. ಮೊದಲ ಸರದಿ ಹೋಗುವ ಸಾಧ್ಯತೆ ಶೇಕಡಾ 30, ಮೂರು ಸರದಿ ಹೋಗುವುದು ಶೇಕಡಾ 3ಕ್ಕೂ ಕಡಿಮೆ. ಒಂದೇ ಮೇಜಿನ ಇಬ್ಬರು ಆಟಗಾರರಿಗೆ ಒಂದೇ ಮಂತ್ರ ಎರಡು ಬೇರೆ ಆಟಗಳಾಗಿಬಿಟ್ಟಿವೆ.

ದಾಳ ಕೆಟ್ಟಿದೆಯೇ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಮೂರು ಭಾನುವಾರ ಮೊದಲ ಸೇವ್ ಸೋಲುವ ಸಾಧ್ಯತೆಯೂ ಅದೇ ಶೇಕಡಾ 42. ನಾಣ್ಯ ಚಿಮ್ಮಿದರೆ ಹಿಂಭಾಗ ಬೀಳುವುದಕ್ಕಿಂತ ಸ್ವಲ್ಪ ಕಡಿಮೆ, ಅಷ್ಟೇ. ದಾಳದ ತಪ್ಪಿಲ್ಲ, ಹೊಸದು ಕೊಳ್ಳಬೇಕಿಲ್ಲ.

20ರ ವಿಚಾರ. ಐದನೇ ಆವೃತ್ತಿಯಲ್ಲಿ ದಾಳದ ಮೇಲೆ 20 ಬಿದ್ದರೆ ತಾನಾಗಿಯೇ ಗೆಲುವು ಎಂಬುದು ದಾಳಿಯ ದಾಳಕ್ಕೆ ಮಾತ್ರ. ಸಾವಿನ ಅಂಚಿನಲ್ಲಿ ಹಾಕುವ ಡೆತ್ ಸೇವ್‌ನಲ್ಲಿ 20ಕ್ಕೆ ಬೇರೆಯೇ ವಿಶೇಷವಿದೆ: 1 ಹಿಟ್ ಪಾಯಿಂಟ್‌ನೊಂದಿಗೆ (ಉಳಿದ ಜೀವದ ಅಳತೆ) ಎದ್ದು ಕೂರುತ್ತಾರೆ. ಉಳಿದ ಸೇವ್‌ಗಳಲ್ಲಿ 20 ಎಂದರೆ ಬರೀ 20. ಮೂರನೇ ಆವೃತ್ತಿಯಲ್ಲಿ ಸೇವ್‌ಗೂ 20 ಖಚಿತ ಗೆಲುವಾಗಿತ್ತು. ಆ ಕಾಲದಿಂದ ಆಡಿದವರ ಬಾಯಿಂದ ಬಾಯಿಗೆ ಅದು ಹರಿದು ಬಂದಿದೆ, ಆದ್ದರಿಂದ ಮೈದುನರು ಎಲ್ಲೋ ಕೇಳಿದ್ದು ಪೂರ್ಣ ಸುಳ್ಳೇನಲ್ಲ. ನಿಯಮದ ಪ್ರಕಾರ 20ಕ್ಕೆ 1 ಸೇರಿ 21, ಡಿಸಿ 24, ಸೇವ್ ಸೋತಿತು. ಆ ಬೆಂಕಿಯ ಏಟು ಆರು ಮುಖದ 26 ದಾಳಗಳಷ್ಟು, ಸರಾಸರಿ 91. ಪೂರ್ತಿ ತಗುಲಿದ್ದರೆ 9ನೇ ಲೆವೆಲ್‌ನ ಫೈಟರ್ ಸಾಮಾನ್ಯವಾಗಿ ನೆಲ ಹಿಡಿಯುತ್ತಾನೆ, ಸೇವ್ ಗೆದ್ದು ಅರ್ಧವಾದರೆ ನಿಲ್ಲುತ್ತಾನೆ.

ನೀವು ಒಪ್ಪಿದ್ದರಿಂದ ಆಟವೇನೂ ಕೆಡಲಿಲ್ಲ. ನಾನು ಗಮನ ಸೆಳೆಯಬಯಸುವುದು ಬೇರೆಯದರ ಕಡೆಗೆ. ಗೆಲ್ಲಲು ಸಾಧ್ಯವೇ ಇಲ್ಲದ ದಾಳವನ್ನು ಆಟಗಾರನ ಕೈಗೆ ಕೊಟ್ಟು ಹಾಕಿಸಬಾರದು. ಡ್ರ್ಯಾಗನ್ ಬಾಯಿ ತೆರೆಯುವ ಮೊದಲು "ಬಯಲಲ್ಲಿ ನಿಂತರೆ ಇದರಿಂದ ಪಾರಾಗುವ ದಾರಿಯಿಲ್ಲ, ಎಡಕ್ಕೆ ಒಂದು ದೊಡ್ಡ ಬಂಡೆಯಿದೆ" ಎಂದು ಹೇಳಿ ನೋಡಿ. ಮೈಯ ಮುಕ್ಕಾಲು ಪಾಲು ಬಂಡೆಯ ಮರೆಯಲ್ಲಿದ್ದರೆ ಡೆಕ್ಸ್ಟೆರಿಟಿ ಸೇವ್‌ಗೆ +5 ಸಿಗುತ್ತದೆ, ಅರ್ಧ ಮರೆಗೆ +2. ಆಗ ಅವರ +1 ಎನ್ನುವುದು +6 ಆಗಿ, 18 ಬಿದ್ದರೂ ಪಾರು. ಶೇಕಡಾ 15ರ ಅವಕಾಶ ಹೆಚ್ಚೇನೂ ಅಲ್ಲ, ಆದರೆ ಅದು ಅವರು ಓಡಿಹೋಗಿ ಗಳಿಸಿದ್ದು. ಗೈಗ್ಯಾಕ್ಸ್ ಹೇಳಿದ ಬಿರುಕು ದಾಳ ಬಿದ್ದ ಮೇಲೆ ಕಥೆಯಲ್ಲಿ ಕಾಣಿಸಿಕೊಂಡಿತ್ತು, ಈ ಬಂಡೆ ದಾಳ ಬೀಳುವ ಮೊದಲೇ ಆಟಗಾರನ ಕಣ್ಣಿಗೆ ಬೀಳುತ್ತದೆ. ಎರಡನೆಯದೇ ನನಗೆ ಹೆಚ್ಚು ಇಷ್ಟ. 20 ಬಿದ್ದರೆ ಗೆಲುವು ಎಂಬ ಪದ್ಧತಿಯನ್ನು ಮುಂದುವರಿಸುವುದಾದರೆ ರಾಕ್ಷಸರಿಗೂ ಅನ್ವಯಿಸಿ. 1 ಬಿದ್ದರೆ ಸೋಲು ಎಂಬುದನ್ನು ಮಾತ್ರ ಸೇರಿಸಬೇಡಿ. ಕ್ಲೆರಿಕ್ ಆಡುವವರು ಕಷ್ಟಪಟ್ಟು ಕಟ್ಟಿದ ಸೇವ್‌ಗೆ ಅದು ಕಾರಣವಿಲ್ಲದ ದಂಡ.

ಹೋಲ್ಡ್ ಪರ್ಸನ್‌ಗೆ ಬರುತ್ತೇನೆ. ಈ ಮಂತ್ರ ಇಷ್ಟು ನೋಯಿಸುವುದಕ್ಕೆ ಕಾರಣ ಸರದಿ ಹೋಗುವುದೊಂದೇ ಅಲ್ಲ. ಸ್ತಬ್ಧನಾದವನ ಮೇಲೆ ಎಲ್ಲ ದಾಳಿಗೂ ಅಡ್ವಾಂಟೇಜ್ (ಎರಡು ಸಲ ದಾಳ ಹಾಕಿ ದೊಡ್ಡದನ್ನು ಆಯುವುದು), 5 ಅಡಿಯೊಳಗಿಂದ ತಗುಲಿದ ಪ್ರತಿ ಏಟೂ ಕ್ರಿಟಿಕಲ್ (ಏಟಿನ ದಾಳಗಳು ಇಮ್ಮಡಿ), ಸ್ಟ್ರೆಂಗ್ತ್ ಮತ್ತು ಡೆಕ್ಸ್ಟೆರಿಟಿ ಸೇವ್‌ಗಳಲ್ಲಿ ದಾಳವೇ ಇಲ್ಲದೆ ಸೋಲು. ಅದರ ಮೇಲೆ ಮನುಷ್ಯರ ಲೆಕ್ಕವೂ ಇದೆ. ಐವರು ಕುಳಿತ ಮೇಜಿನಲ್ಲಿ ಈ ಲೆವೆಲ್‌ನ ಒಂದು ಸುತ್ತಿಗೆ ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಮೂರು ಸುತ್ತು ಎಂದರೆ ಸುಮಾರು ಒಂದು ಗಂಟೆ. ಹಳಿ ದುರಸ್ತಿಗೆ ರೈಲು ಕಡಿತವಾಗುವ ಮೆಗಾ ಬ್ಲಾಕ್ ಇರುವ ಭಾನುವಾರ ವಾಶಿಯಿಂದ ಠಾಣೆಗೆ ಬಂದು, ಅಲ್ಲಿ ಗಾಡಿ ಬದಲಿಸಿ ಡೊಂಬಿವಲಿಯಲ್ಲಿ ಇಳಿದವರು ಆ ಒಂದು ಗಂಟೆ ಇತರರ ಆಟ ನೋಡುತ್ತಾ ಕುಳಿತರೆ ಬೇಸರವಾಗುವುದು ಸಹಜ. ಅವರ ಸಿಟ್ಟಿನಲ್ಲಿ ಅಪ್ರಬುದ್ಧತೆ ಏನೂ ಇಲ್ಲ.

ಏನು ಮಾಡಬಹುದು? ಮೊದಲು ಅವರ ಕ್ಯಾರೆಕ್ಟರ್ ಶೀಟ್ (ಪಾತ್ರದ ವಿವರದ ಹಾಳೆ) ತೆರೆದು ನೋಡಿ. 9ನೇ ಲೆವೆಲ್‌ಗೆ ಫೈಟರ್‌ಗೆ ಇಂಡಾಮಿಟಬಲ್ ಎಂಬ ಸಾಮರ್ಥ್ಯ ಬಂದಿರುತ್ತದೆ: ಸೋತ ಒಂದು ಸೇವ್ ಅನ್ನು ಮತ್ತೆ ಹಾಕಬಹುದು, ದೀರ್ಘ ವಿಶ್ರಾಂತಿಗೆ ಒಮ್ಮೆ. ನಿಮ್ಮ ಪ್ರಶ್ನೆಯಲ್ಲಿ ಅದರ ಸುಳಿವೇ ಇಲ್ಲ. ಹೊಸದಾಗಿ ಬಂದದ್ದನ್ನು ಆಟಗಾರರು ಮರೆಯುವುದು ಬಹಳ ಸಾಮಾನ್ಯ. ಅದನ್ನು ಬಳಸಿದರೆ ಮೊದಲ ಸೇವ್‌ನಲ್ಲಿ ಪಾರಾಗುವ ಸಾಧ್ಯತೆ ಶೇಕಡಾ 25ರಿಂದ ಸುಮಾರು 44ಕ್ಕೆ ಏರುತ್ತದೆ.

ಉಳಿದ ಮೂವರೊಂದಿಗೂ ಮಾತನಾಡಿ, ಏಕೆಂದರೆ ಸೇವ್ ಒಬ್ಬರ ಹೊಣೆಯಲ್ಲ, ತಂಡದ್ದು. ಹೋಲ್ಡ್ ಪರ್ಸನ್‌ಗೆ ಮಾಂತ್ರಿಕೆ ಏಕಾಗ್ರತೆ ಉಳಿಸಿಕೊಳ್ಳಬೇಕು. ಅವಳಿಗೆ ಏಟು ಬಿದ್ದಾಗಲೆಲ್ಲ ಅವಳೂ ಕಾನ್‌ಸ್ಟಿಟ್ಯೂಷನ್ ಸೇವ್ ಹಾಕಬೇಕು, ಡಿಸಿ 10 ಅಥವಾ ಏಟಿನ ಅರ್ಧ, ಯಾವುದು ಹೆಚ್ಚೋ ಅದು. ಅವಳ ಬೋನಸ್ +2 ಇದ್ದರೆ ಸಣ್ಣ ಏಟು ಒಂದಕ್ಕೆ ಏಕಾಗ್ರತೆ ಮುರಿಯುವ ಸಾಧ್ಯತೆ ಶೇಕಡಾ 35, ಅಂಥ ಮೂರು ಏಟು ಬಿದ್ದರೆ ಶೇಕಡಾ 70ಕ್ಕೂ ಮೇಲೆ. ರೋಗ್‌ನ ಏಟು ಸಾಮಾನ್ಯವಾಗಿ 20 ದಾಟುವುದರಿಂದ ಅದೊಂದೇ ಇನ್ನೂ ಹೆಚ್ಚು ಕೆಲಸ ಮಾಡುತ್ತದೆ. ಫೈಟರ್ ಸ್ತಬ್ಧನಾದಾಗ ಉಳಿದವರು ಹತ್ತಿರದ ಸೈನಿಕರನ್ನು ಹೊಡೆಯುತ್ತಾ ನಿಂತರೆ ಅವನನ್ನು ಕಟ್ಟಿಹಾಕಿ ಇಟ್ಟವರಲ್ಲಿ ಅವರೂ ಸೇರುತ್ತಾರೆ. ವಿಜರ್ಡ್‌ನ ಕೌಂಟರ್‌ಸ್ಪೆಲ್ 2014ರ ನಿಯಮದಲ್ಲಿ ಇಂಥ ಎರಡನೇ ಮಟ್ಟದ ಮಂತ್ರವನ್ನು ದಾಳವೇ ಇಲ್ಲದೆ ತಡೆಯುತ್ತದೆ. ಕ್ಲೆರಿಕ್‌ನ ಡಿಸ್ಪೆಲ್ ಮ್ಯಾಜಿಕ್ ಅದನ್ನು ಹಾಗೆಯೇ ಕಳಚುತ್ತದೆ. ಕಾಳಗಕ್ಕೆ ಮುಂಚೆ ಫ್ರೀಡಂ ಆಫ್ ಮೂವ್ಮೆಂಟ್ ಹಾಕಿದ್ದರೆ ಫೈಟರ್‌ಗೆ ಇಡೀ ಒಂದು ಗಂಟೆ ಮಂತ್ರದಿಂದ ಸ್ತಬ್ಧನಾಗುವ ಭಯವಿಲ್ಲ. ಬ್ಲೆಸ್ ಹಾಕಿದರೆ ಪ್ರತಿ ಸೇವ್‌ಗೆ ನಾಲ್ಕು ಮುಖದ ದಾಳ ಒಂದು ಸೇರಿ ಶೇಕಡಾ 25 ಎನ್ನುವುದು 37.5 ಆಗುತ್ತದೆ. ಇನ್ನು ಆ ಮಾಂತ್ರಿಕೆಗೆ ಗುರಿ ಕಣ್ಣಿಗೆ ಕಾಣಬೇಕು, 60 ಅಡಿಯೊಳಗೆ ಇರಬೇಕು. ಕಂಬದಿಂದ ಕಂಬಕ್ಕೆ ಮರೆಯಲ್ಲಿ ಸಾಗುವ ಫೈಟರ್‌ಗೆ ಸೇವ್ ಹಾಕುವ ಪ್ರಸಂಗವೇ ಬಾರದಿರಬಹುದು. ಇದೆಲ್ಲ ಸಾಧ್ಯವಾಗಲು ಒಂದು ಷರತ್ತಿದೆ: ಅವಳು ಹೋಲ್ಡ್ ಪರ್ಸನ್ ಹಾಕುವವಳು ಎಂದು ಆಟಗಾರರಿಗೆ ಮೊದಲೇ ಗೊತ್ತಿರಬೇಕು. ಅವಳ ಕೋಟೆಯ ಬಾಗಿಲಲ್ಲಿ ಉಸಿರಾಡುತ್ತಾ ಬೊಂಬೆಯಂತೆ ನಿಂತ ಕಾವಲುಗಾರನನ್ನು ತೋರಿಸಿ. ಸುಳಿವು ಕೊಟ್ಟ ಮೇಲೂ ಸಿದ್ಧರಾಗದೆ ಬಂದು ಸೋತರೆ ಯಾರೂ ಮೋಸ ಎನ್ನುವುದಿಲ್ಲ.

ನಿಮ್ಮ ಪಾಲಿನ ಬದಲಾವಣೆಯೂ ಬೇಕು. ಮೂರು ಭಾನುವಾರ ಒಂದೇ ಪಾತ್ರದ ಅತ್ಯಂತ ದುರ್ಬಲ ಸೇವ್‌ಗೆ ಒಂದೇ ಮಂತ್ರ ಬಿದ್ದಿದೆ. ಮಾಂತ್ರಿಕೆ ಜಾಣೆ, ಅವಳು ಹಾಗೆಯೇ ಮಾಡುತ್ತಾಳೆ ಎಂದು ನೀವು ಹೇಳಬಹುದು, ಅದು ನಿಜವೂ ಹೌದು. ಆದರೆ ಜಾಣತನಕ್ಕೆ ಹಲವು ಮುಖಗಳಿವೆ. ಒಂದು ವಾರ ಅವಳು ವಿಜರ್ಡ್‌ಗೆ ಕಾನ್‌ಸ್ಟಿಟ್ಯೂಷನ್ ಸೇವ್ ಬೇಡುವ ವಿಷದ ಹೊಗೆ ಬಿಡಲಿ, ಎಲ್ಲರೂ ಕೆಮ್ಮುತ್ತಾ ಕುಸಿಯುವಲ್ಲಿ ಫೈಟರ್ ಒಬ್ಬನೇ ನೆಟ್ಟಗೆ ನಿಂತಿರಲಿ. ಸ್ಟ್ರೆಂಗ್ತ್ ಸೇವ್ ಕೇಳುವ ಪ್ರವಾಹವೋ ಗಾಳಿಯೋ ಬರಲಿ. ಬೀಗ ಹಾಕಿದ ಬಾಗಿಲನ್ನೂ ಶತ್ರು ಆಗಾಗ ತಟ್ಟಬೇಕು, ಇಲ್ಲದಿದ್ದರೆ ಬೀಗ ಇರುವುದು ಮನೆಯವರಿಗೇ ತಿಳಿಯುವುದಿಲ್ಲ. ಡೆಕ್ಸ್ಟೆರಿಟಿ, ಕಾನ್‌ಸ್ಟಿಟ್ಯೂಷನ್, ವಿಸ್ಡಮ್ ಸೇವ್‌ಗಳೇ ಈ ಆವೃತ್ತಿಯಲ್ಲಿ ಹೆಚ್ಚಾಗಿ ಕೇಳಿಬರುವುದು. ಉಳಿದ ಮೂರನ್ನು ಹುಡುಕಿ ತರುವ ಕೆಲಸ ಡಿಎಮ್ ಮಾಡಬೇಕಾಗುತ್ತದೆ. ಪ್ರಯೋಜನ ಕಾಣಲು ನಾಲ್ಕೈದು ವಾರ ಬೇಕು ಎಂಬುದೊಂದೇ ಇದರ ತೊಡಕು, ನಿಮ್ಮ ಮೈದುನರಿಗೆ ಅಷ್ಟು ತಾಳ್ಮೆ ಉಳಿದಿಲ್ಲ.

ಅದಕ್ಕೆ ಬೇಗ ಕೆಲಸ ಮಾಡುವ ಮನೆ ನಿಯಮ ಒಂದನ್ನು ಸೂಚಿಸುತ್ತೇನೆ. ಪಾತ್‌ಫೈಂಡರ್ ಎಂಬ ಇಂಥದೇ ಇನ್ನೊಂದು ಆಟದ 2019ರ ಎರಡನೇ ಆವೃತ್ತಿಯಲ್ಲಿ ಸೇವ್‌ಗೆ ನಾಲ್ಕು ಫಲಗಳಿವೆ, ಬರೀ ಸೋಲು ಬೇರೆ, 10ರ ಅಂತರದಲ್ಲಿ ಸೋಲುವುದು ಬೇರೆ. ಆ ವಿಚಾರವನ್ನು ಚಿಕ್ಕದಾಗಿ ನಿಮ್ಮ ಮೇಜಿಗೆ ತನ್ನಿ: ಹೋಲ್ಡ್ ಪರ್ಸನ್‌ನಂಥ ಮಂತ್ರಕ್ಕೆ 5 ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತವರ ಕಾಲು ಮಾತ್ರ ಕಟ್ಟಿಬೀಳಲಿ, ಕೈ ಆಡಲಿ. ಮೈದುನರ ಲೆಕ್ಕದಲ್ಲಿ ದಾಳ 16ರಿಂದ ಮೇಲೆ ಬಿದ್ದರೆ ಪೂರ್ತಿ ಪಾರು, 11ರಿಂದ 15 ಬಿದ್ದರೆ ನಿಂತಲ್ಲೇ ಕತ್ತಿ ಬೀಸಬಹುದು, 10 ಮತ್ತು ಕೆಳಗೆ ಬಿದ್ದರೆ ಪೂರ್ಣ ಸ್ತಬ್ಧ. ಸುಮ್ಮನೆ ಕೂರುವ ಸಾಧ್ಯತೆ ಶೇಕಡಾ 75ರಿಂದ 50ಕ್ಕೆ ಇಳಿಯಿತು, ಮಂತ್ರದ ಭಯ ಹಾಗೆಯೇ ಉಳಿಯಿತು. ಅಪಾಯ ಎಲ್ಲಿದೆಯೆಂದರೆ, ನಿಮ್ಮ ವಿಜರ್ಡ್ ಇದೇ ಮಂತ್ರ ಕಲಿತಿದ್ದರೆ ಅವರದೂ ಅಷ್ಟೇ ಸಡಿಲವಾಗುತ್ತದೆ. ಅವರ ಒಪ್ಪಿಗೆ ಪಡೆಯದೆ ಇದನ್ನು ತರಬೇಡಿ.

ಎಲ್ಲ ಸೇವ್‌ಗಳಿಗೂ ಅರ್ಧ ಪ್ರೊಫಿಷಿಯನ್ಸಿ ಸೇರಿಸುವ ಪದ್ಧತಿ ಕೆಲವೆಡೆ ಇದೆ. ಈಗ +2 ಸಿಕ್ಕಿ ಶೇಕಡಾ 35 ಆಗುತ್ತದೆ, ಮೂರು ಸರದಿ ಕಳೆದುಕೊಳ್ಳುವ ಸಾಧ್ಯತೆ 42ರಿಂದ 27ರ ಸುಮಾರಿಗೆ ಇಳಿಯುತ್ತದೆ. ನನಗೆ ಇದರಲ್ಲಿ ಉತ್ಸಾಹವಿಲ್ಲ. ಇದು ಎಲ್ಲರನ್ನೂ ಸ್ವಲ್ಪ ಸ್ವಲ್ಪ ಎತ್ತುವುದರಿಂದ ಒಳ್ಳೆಯ ಸೇವ್ ಆಯ್ದುಕೊಂಡವರ ಆಯ್ಕೆಯ ತೂಕ ಕುಗ್ಗುತ್ತದೆ. ಮುಂದೆ ತಂಡಕ್ಕೆ ಮಾಂಕ್ (ಸನ್ಯಾಸಿ ಯೋಧನ ವರ್ಗ) ಬಂದರೆ 14ನೇ ಲೆವೆಲ್‌ನಲ್ಲಿ ಅವರಿಗೆ ಸಿಗುವ ಎಲ್ಲ ಸೇವ್‌ಗಳ ಪ್ರೊಫಿಷಿಯನ್ಸಿಗೂ ಬೆಲೆ ಇಳಿದಿರುತ್ತದೆ. ಅದಕ್ಕಿಂತ ರೆಸಿಲಿಯೆಂಟ್ ಎಂಬ ಫೀಟ್ (ಕೆಲವು ಲೆವೆಲ್‌ಗಳಲ್ಲಿ ಆಯ್ದುಕೊಳ್ಳುವ ವಿಶೇಷ ಸಾಮರ್ಥ್ಯ) ಅನ್ನು ವಿಸ್ಡಮ್‌ಗೆ ತೆಗೆದುಕೊಳ್ಳುವುದು ನೇರ ದಾರಿ. ವಿಸ್ಡಮ್ 9 ಆದರೂ ಮಾಡಿಫೈಯರ್ −1ರಲ್ಲೇ ಇರುತ್ತದೆ, ಆದರೆ ಪ್ರೊಫಿಷಿಯನ್ಸಿ ಸೇರಿ ಸೇವ್ +3, ಅಂದರೆ ಶೇಕಡಾ 45, ಮತ್ತು ಅದು ಮುಂದೆಯೂ ಬೆಳೆಯುತ್ತದೆ. ಫೈಟರ್‌ಗೆ ಮುಂದಿನ ಫೀಟ್ ಬರುವುದು 12ನೇ ಲೆವೆಲ್‌ಗೆ. 8ನೇ ಲೆವೆಲ್‌ನಲ್ಲಿ ಮಾಡಿಕೊಂಡ ಆಯ್ಕೆಯನ್ನು ಬದಲಿಸಲು ಅವರಿಗೆ ಒಮ್ಮೆ ಅವಕಾಶ ಕೊಟ್ಟರೆ ಯಾರಿಗೂ ನಷ್ಟವಿಲ್ಲ.

ಸೇವ್‌ಗಳನ್ನೇ ತೆಗೆಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ. 2008ರ ನಾಲ್ಕನೇ ಆವೃತ್ತಿ ಫಾರ್ಟಿಟ್ಯೂಡ್, ರಿಫ್ಲೆಕ್ಸ್, ವಿಲ್‌ಗಳನ್ನು ಕವಚದಂಥ ಸ್ಥಿರ ಸಂಖ್ಯೆಗಳನ್ನಾಗಿ ಮಾಡಿ, ದಾಳವನ್ನು ಮಂತ್ರ ಹಾಕುವವರ ಕೈಗೆ ಕೊಟ್ಟಿತ್ತು. ಸೇವ್ ಎಂಬುದು ಪರಿಣಾಮವನ್ನು ಕಳಚಿಕೊಳ್ಳಲು ಸರದಿಯ ಕೊನೆಗೆ ಹಾಕುವ ದಾಳವಾಯಿತು, 10 ಮತ್ತು ಮೇಲೆ ಬಿದ್ದರೆ ಬಿಡುಗಡೆ, ಎಲ್ಲರಿಗೂ ಶೇಕಡಾ 55. ಅಚ್ಚುಕಟ್ಟಾದ ಪದ್ಧತಿ ಹೌದು, ಆದರೆ ಇಡೀ ಆಟವನ್ನು ಅದಕ್ಕಾಗಿಯೇ ಕಟ್ಟಲಾಗಿತ್ತು. ನಿಮ್ಮ ಆವೃತ್ತಿಗೆ ಅದನ್ನು ತಂದು ಜೋಡಿಸಿದರೆ ದುರ್ಬಲ ವಿಸ್ಡಮ್ ದುರ್ಬಲವಾಗಿಯೇ ಉಳಿಯುತ್ತದೆ, ದಾಳ ಮಾತ್ರ ಮೈದುನರ ಕೈಯಿಂದ ನಿಮ್ಮ ಕೈಗೆ ಬರುತ್ತದೆ.

ಪರದೆಯ ಹಿಂದೆ ಗುಟ್ಟಾಗಿ ಡಿಸಿ ಇಳಿಸುವುದನ್ನು ದಯವಿಟ್ಟು ಮಾಡಬೇಡಿ. ಆಟಗಾರರು ಲೆಕ್ಕ ಇಡುತ್ತಾರೆ. ಕಳೆದ ವಾರ 14 ಸಾಲಲಿಲ್ಲ, ಈ ವಾರ 13 ಸಾಕಾಯಿತು ಎಂಬುದು ಮೇಜಿನಲ್ಲಿ ಒಬ್ಬರಿಗಾದರೂ ಹೊಳೆಯುತ್ತದೆ. ಆ ಮೇಲೆ ಅವರು ನಿಜವಾಗಿ ಗೆದ್ದ ಸೇವ್‌ನ ಮೇಲೂ ನಿಮ್ಮ ಕರುಣೆಯ ನೆರಳು ಬೀಳುತ್ತದೆ. ನಾನು ಇದಕ್ಕೆ ವಿರುದ್ಧವಾದದ್ದನ್ನು ಮಾಡುತ್ತೇನೆ. ಸೇವ್ ಹಾಕಿಸುವ ಮೊದಲು ಡಿಸಿ ಎಷ್ಟು, ಸೋತರೆ ಏನಾಗುತ್ತದೆ ಎರಡನ್ನೂ ಗಟ್ಟಿಯಾಗಿ ಹೇಳಿ, ಮೇಜಿನ ನಡುವೆ ಬಟ್ಟೆ ಹಾಸಿದ ಸ್ಟೀಲ್ ತಟ್ಟೆಯಲ್ಲಿ ಎಲ್ಲರ ಕಣ್ಣೆದುರು ದಾಳ ಹಾಕಿಸುತ್ತೇನೆ. ದಾಳ ಸೋಫಾದ ಕೆಳಗೆ ಉರುಳುವುದೂ ತಪ್ಪುತ್ತದೆ, ನನ್ನ ಮೇಲೆ ಅನುಮಾನ ಹುಟ್ಟುವುದೂ ತಪ್ಪುತ್ತದೆ. 15 ಬೇಕು ಎಂದು ಗೊತ್ತಾದ ಕ್ಷಣ ಇಡೀ ಮೇಜು ಆ ತಟ್ಟೆಯ ಮೇಲೆ ಬಗ್ಗುತ್ತದೆ, ಅದಕ್ಕಿಂತ ಚೆನ್ನಾದ ಗಳಿಗೆ ಈ ಆಟದಲ್ಲಿ ಇನ್ನೊಂದಿಲ್ಲ.

ಸ್ತಬ್ಧನಾದ ಆಟಗಾರನಿಗೆ ಕೆಲಸ ಕೊಡುವುದನ್ನೂ ಮರೆಯಬೇಡಿ. ಅವರ ಸರದಿ ಬಂದಾಗ ಖಳನಾಯಕಿಯ ಸೈನಿಕರ ದಾಳ ಹಾಕಲು ಕೊಡಿ, ಅಥವಾ ತಂಡದ ಜೊತೆಗಿರುವ ಸಣ್ಣ ಪಾತ್ರವೊಂದನ್ನು ಒಪ್ಪಿಸಿ. ಇದರಲ್ಲಿ ನಿಯಮದ ತೊಡಕೇನೂ ಇಲ್ಲ.

ಕೊನೆಯದಾಗಿ 2024ರ ನಿಯಮಗಳು. ಹೋಲ್ಡ್ ಪರ್ಸನ್ ಅಲ್ಲಿಯೂ ಹೆಚ್ಚುಕಡಿಮೆ ಹೀಗೆಯೇ ಇದೆ, ಆರು ಸೇವ್‌ಗಳೂ ಹಾಗೆಯೇ ಇವೆ, ಸಾಮಾನ್ಯ ಸೇವ್‌ನಲ್ಲಿ 20ಕ್ಕೆ ವಿಶೇಷವೂ ಬಂದಿಲ್ಲ. ಫೈಟರ್‌ಗೆ ಮಾತ್ರ ದೊಡ್ಡ ಲಾಭವಿದೆ: ಇಂಡಾಮಿಟಬಲ್ ಬಳಸಿ ಮತ್ತೆ ಹಾಕುವ ದಾಳಕ್ಕೆ ಅವರ ಫೈಟರ್ ಲೆವೆಲ್ ಅಷ್ಟನ್ನೂ ಕೂಡಿಸಬಹುದು. 9 ಸೇರಿದರೆ ಆ ಎರಡನೇ ದಾಳ ಶೇಕಡಾ 70ರದ್ದು, ಎರಡೂ ಸೇರಿ ಪಾರಾಗುವ ಸಾಧ್ಯತೆ 77.5. ಅದೇ ಹೊತ್ತಿಗೆ ಕೌಂಟರ್‌ಸ್ಪೆಲ್ ದುರ್ಬಲವಾಗಿದೆ: ಮಂತ್ರ ಹಾಕುತ್ತಿರುವವರು ಕಾನ್‌ಸ್ಟಿಟ್ಯೂಷನ್ ಸೇವ್ ಗೆದ್ದರೆ ಅದು ವ್ಯರ್ಥ. ಆಟದ ನಡುವೆ ಐವರೂ ಹೊಸ ಪುಸ್ತಕ ಕೊಂಡು ಎಲ್ಲರ ಶೀಟ್ ಬದಲಿಸುವುದು ನನಗೆ ಅನಗತ್ಯ ಎನಿಸುತ್ತದೆ. ಇಂಡಾಮಿಟಬಲ್‌ನ ಹೊಸ ರೂಪವೊಂದನ್ನು ಮಾತ್ರ ತನ್ನಿ. ಬರುವ ಭಾನುವಾರ ಆಟ ಶುರುವಾಗುವ ಮೊದಲು ನಾಲ್ವರ ಎದುರು ಅದನ್ನು ಹೇಳಿ, ವಿಜರ್ಡ್‌ನ ಕೌಂಟರ್‌ಸ್ಪೆಲ್ 2014ರ ಹಾಗೆಯೇ ಇರುತ್ತದೆ ಎಂಬುದನ್ನೂ ಸ್ಪಷ್ಟಪಡಿಸಿ.